ಸಹಿಯ ಮೇಲಿನ ಸಾಲುಗಳು

ಮಳೆಗಾಲದ ಒಂದು ಶನಿವಾರ ಸಂಜೆ ಶಿವಮೊಗ್ಗದಲ್ಲಿ ಕಿರಿಯ ವಕೀಲರ ಮುಂದೆ, ಅರ್ಜಿಗಳಲ್ಲಿ ನ್ಯಾಯಾಧೀಶರ ಬಗ್ಗೆ ಬರೆಯುವ ಭಾಷೆಯ ಕುರಿತು ಆಡಿದ ಮಾತುಗಳಿವು. ತಗಡಿನ ಮಾಡಿನ ಮೇಲೆ ಮಳೆ ಹುಯ್ಯುತ್ತಿದ್ದುದರಿಂದ ಹಿಂದಿನ ಸಾಲಿನವರಿಗೆ ಅರ್ಧಕ್ಕರ್ಧ ಕೇಳಿಸಲಿಲ್ಲವಂತೆ, ಬರೆದುಕೊಡಿ ಎಂದರು. ಬರೆಯುವಾಗ ಕೆಲವೆಡೆ ಹಿಗ್ಗಿಸಿದ್ದೇನೆ, ಅಲ್ಲಿ ಬಾಯಿಗೆ ಬಂದ ಒಂದೆರಡು ನಗೆಮಾತುಗಳನ್ನು ಕೈಬಿಟ್ಟಿದ್ದೇನೆ. ಆಡಿದ್ದು ಮಳೆಯಲ್ಲಿ ಕೊಚ್ಚಿಹೋಗುತ್ತದೆ, ಬರೆದದ್ದು ಕಡತದಲ್ಲಿ ಕೂರುತ್ತದೆ ಎಂಬುದೇ ಅಂದಿನ ವಿಷಯವಾಗಿದ್ದಾಗ ಅಷ್ಟು ಎಚ್ಚರ ನನಗೂ ಬೇಕಲ್ಲ.

ನನ್ನದೇ ಒಂದು ಎಡವಟ್ಟಿನಿಂದ ಶುರುಮಾಡುತ್ತೇನೆ. ಆಗ ವೃತ್ತಿಗೆ ಬಂದು ಆರೇಳು ವರ್ಷವಾಗಿತ್ತು. ಎಲ್ಲವೂ ಗೊತ್ತಿದೆ ಅನ್ನಿಸುವ ವಯಸ್ಸು. ನಮ್ಮ ಜಿಲ್ಲೆಯ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ಅಡಿಕೆ ತೋಟದ ದಾರಿಯ ವ್ಯಾಜ್ಯ ನಡೆಸುತ್ತಿದ್ದೆ. ಮಲೆನಾಡಿನ ಸಿವಿಲ್ ವಕೀಲನ ಅನ್ನ ಅರ್ಧ ಇಂಥ ದಾರಿಗಳಿಂದಲೇ ಬರುತ್ತದೆ: ತೋಟಕ್ಕೆ ಗೊಬ್ಬರ ಹೊರುವ ದಾರಿ, ಅಡಿಕೆ ಕೊನೆ ಸಾಗಿಸುವ ದಾರಿ, ಅಜ್ಜನ ಕಾಲದಲ್ಲಿ ಬಾಯಿಮಾತಿನಲ್ಲಿ ಬಿಟ್ಟು ಮೊಮ್ಮಗನ ಕಾಲದಲ್ಲಿ ಬೇಲಿ ಬಿದ್ದ ದಾರಿ. ನಮ್ಮ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿ ವಜಾ ಆಯಿತು. ಮಾರನೆಯ ದಿನ ಬೆಳಿಗ್ಗೆಯೇ ಕಕ್ಷಿದಾರರು ಮನೆಗೆ ಬಂದರು. “ವಕೀಲರೇ, ಸಾಹೇಬರು ಎದುರು ಪಾರ್ಟಿಯ ಜೊತೆ ಕೂತು ಊಟ ಮಾಡಿದ್ದನ್ನು ಕಣ್ಣಾರೆ ಕಂಡವರಿದ್ದಾರೆ” ಎಂದರು. ಯಾರು ಕಂಡರು, ಎಲ್ಲಿ ಕಂಡರು ಎಂದು ನಾನು ಕೇಳಲಿಲ್ಲ. ಸೋತ ಸಿಟ್ಟು ನನಗೂ ಇತ್ತು. ಅವರು ಹೇಳಿದ ತಾರೀಖನ್ನು ಬರೆದುಕೊಂಡೆ. ದಾವೆಯನ್ನು ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನ ಕೆಳಗೆ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಸಿದ್ಧಪಡಿಸಿದೆ. ಅದರಲ್ಲಿ ನನ್ನ ಕೈಯಾರೆ ಬರೆದ ಸಾಲು ಇದು: ‘ಮಾನ್ಯ ನ್ಯಾಯಾಧೀಶರು ಪ್ರತಿವಾದಿಯ ಆತಿಥ್ಯ ಸ್ವೀಕರಿಸಿ ಅವರ ಮರ್ಜಿಗೆ ಒಳಗಾಗಿದ್ದು, ಅವರಿಂದ ನ್ಯಾಯ ನಿರೀಕ್ಷಿಸುವುದು ವ್ಯರ್ಥ.’ ಟೈಪಾಗಿ ಬಂದ ಮೇಲೆ ಎರಡು ಸಲ ಓದಿ ಮೆಚ್ಚಿಕೊಂಡೆ.

ಜಿಲ್ಲಾ ನ್ಯಾಯಾಧೀಶರು ಕೆಳ ನ್ಯಾಯಾಲಯದಿಂದ ವರದಿ ತರಿಸಿದರು. ಒಂದೂವರೆ ಪುಟದ ವರದಿ. ಆ ದಿನ ನ್ಯಾಯಾಲಯದ ಸಿಬ್ಬಂದಿಯೊಬ್ಬರ ಮನೆಯ ಗೃಹಪ್ರವೇಶವಿತ್ತು, ಊರಿನವರನ್ನೆಲ್ಲ ಕರೆದಿದ್ದರು, ಪಂಕ್ತಿಯಲ್ಲಿ ಪ್ರತಿವಾದಿಯೂ ಇದ್ದಿರಬಹುದು, ತಾವು ಗಮನಿಸಿಲ್ಲ ಎಂದು ಅದರಲ್ಲಿತ್ತು. ಕೊನೆಯ ಸಾಲು: ‘ಅದೇ ಪಂಕ್ತಿಯಲ್ಲಿ ಅರ್ಜಿದಾರರ ಪರ ವಕೀಲರೂ ಊಟಕ್ಕೆ ಕುಳಿತಿದ್ದುದು ಮಾತ್ರ ನೆನಪಿದೆ.’

ಹೌದು, ಕುಳಿತಿದ್ದೆ. ತಾರೀಖು ಬರೆದುಕೊಳ್ಳುವಾಗ ಅದು ಯಾವ ದಿನ ಎಂದು ನನಗೆ ಹೊಳೆಯಲೇ ಇಲ್ಲ. ತುಂಬಿದ ನ್ಯಾಯಾಲಯದಲ್ಲಿ ಆ ಸಾಲನ್ನು ಓದಿ ಹೇಳಿದಾಗ ನಕ್ಕವರಲ್ಲಿ ನನ್ನ ಎದುರು ವಕೀಲರಷ್ಟೇ ಅಲ್ಲ, ನನ್ನ ಕಕ್ಷಿದಾರರೂ ಇದ್ದರು.

ಅರ್ಜಿ ಖರ್ಚಿನೊಂದಿಗೆ ವಜಾ ಆಯಿತು. ನನ್ನ ಮೇಲೆ ಕ್ರಮ ಕೋರಿ ಉಚ್ಚ ನ್ಯಾಯಾಲಯಕ್ಕೆ ನ್ಯಾಯಾಂಗ ನಿಂದನೆಯ ಉಲ್ಲೇಖ ಹೋಗದೆ ಉಳಿದದ್ದು ಆ ಇಬ್ಬರು ನ್ಯಾಯಾಧೀಶರ ಸೈರಣೆಯಿಂದ, ನನ್ನ ಪುಣ್ಯದಿಂದಲ್ಲ. ನಿಮಗೆ ನಗು ತರಿಸುವ ಭಾಗ ಇಲ್ಲಿಗೆ ಮುಗಿಯಿತು. ಕಕ್ಷಿದಾರರಿಗೆ ಆದ ನಷ್ಟ ಬೇರೆಯದೇ ಇದೆ. ತಡೆಯಾಜ್ಞೆ ನಿರಾಕರಿಸಿದ ಆದೇಶದ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹಾಕಲು ಇರುವುದು 30 ದಿನ. ಆ 30 ದಿನಗಳನ್ನು ನಾನು ಗೃಹಪ್ರವೇಶದ ಊಟಕ್ಕೆ ಖರ್ಚು ಮಾಡಿದ್ದೆ. ನಮ್ಮ ಪ್ರಕರಣದಲ್ಲಿ ನ್ಯಾಯಾಲಯವೇ ನೇಮಿಸಿದ ಕೋರ್ಟ್ ಕಮಿಷನರ್ ಸ್ಥಳ ತನಿಖೆ ಮಾಡಿ ವರದಿ ಕೊಟ್ಟಿದ್ದರು. ದಾರಿ ಇದೆ, ಬಂಡಿಯ ಜಾಡು ಕಾಣುತ್ತದೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಆದೇಶದಲ್ಲಿ ಆ ವರದಿಯ ಪ್ರಸ್ತಾಪವೇ ಇರಲಿಲ್ಲ. ಅಪೀಲಿಗೆ ಇದಕ್ಕಿಂತ ಒಳ್ಳೆಯ ಆಧಾರ ಬೇಕೆ? ನನ್ನ ಕಣ್ಣೆದುರಿಗೇ ಇತ್ತು, ಕಾಣಲಿಲ್ಲ. ನ್ಯಾಯಾಧೀಶರ ಎಲೆಯಲ್ಲಿ ಏನು ಬಡಿಸಿದ್ದರು ಎಂದು ನೋಡುತ್ತಿದ್ದೆ. ಕೊನೆಗೆ ವಿಳಂಬ ಮನ್ನಿಸಿ ಎಂದು ಕೈಮುಗಿದು ಬೇರೆ ಅರ್ಜಿ ಹಾಕಿ, ಅಪೀಲು ಸಲ್ಲಿಸಿ, ಅದೇ ಕಮಿಷನರ್ ವರದಿಯ ಮೇಲೆ ನಮ್ಮ ಕಕ್ಷಿದಾರರು ಗೆದ್ದರು. ಅಷ್ಟರಲ್ಲಿ ಎರಡು ಕೊಯ್ಲು ಮುಗಿದಿತ್ತು. ಎರಡು ವರ್ಷ ಅವರು ಕೊನೆಗಳನ್ನು ತಲೆಹೊರೆಯಲ್ಲಿ ಗುಡ್ಡ ಸುತ್ತಿ ಸಾಗಿಸಿದರು.

ಅಂದಿನಿಂದ ನನಗೊಂದು ಅನುಮಾನ ಅಂಟಿಕೊಂಡಿದೆ. ಅರ್ಜಿಯಲ್ಲಿ ನ್ಯಾಯಾಧೀಶರಿಗೆ ಅಂಟಿಸಿದ ವಿಶೇಷಣ ಕಂಡರೆ ಸಾಕು, ಆ ಜಾಗದಲ್ಲಿ ಇರಬೇಕಾಗಿದ್ದ ದಾಖಲೆ ಯಾವುದು ಎಂದು ಹುಡುಕುತ್ತೇನೆ. ಹೆಚ್ಚಿನ ಸಲ ಸಿಗುತ್ತದೆ. ಸಿಗದಿದ್ದಾಗ ಆ ಪ್ರಕರಣದಲ್ಲಿ ಹುರುಳಿರುವುದಿಲ್ಲ.

ಈಗ ಸಹಿಯ ವಿಷಯಕ್ಕೆ ಬರೋಣ. ‘ಕಕ್ಷಿದಾರರು ಹೇಳಿದರು, ನಾನು ಬರೆದೆ, ಪ್ರಮಾಣಪತ್ರ (ಅಫಿಡವಿಟ್) ಅವರದು, ನನ್ನದೇನಿದೆ’ ಎಂಬ ಸಮಾಧಾನ ನಮ್ಮ ವೃತ್ತಿಯಷ್ಟೇ ಹಳೆಯದು. ನಾಗಪುರದ ಇಬ್ಬರು ವಕೀಲರು 1950ರ ದಶಕದ ಆರಂಭದಲ್ಲಿ ಹೀಗೆಯೇ ನಂಬಿದ್ದರು. ವಿಚಾರಣೆಯ ನಡುವೆ ಉಚ್ಚ ನ್ಯಾಯಾಲಯದ ಪೀಠದ ಮೇಲೆ ಪೂರ್ವಗ್ರಹದ ಆರೋಪ ಹೊರಿಸಿ, ಪ್ರಕರಣವನ್ನು ಬೇರೆ ಪೀಠಕ್ಕೆ ಕಳಿಸಿ ಎಂಬ ಕಕ್ಷಿದಾರರ ಅರ್ಜಿಗೆ ಸಹಿ ಹಾಕಿದರು. ಅದು ಎಂ.ವೈ. ಶರೀಫ್ ಪ್ರಕರಣವಾಗಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠದವರೆಗೆ ಹೋಯಿತು. 1954ರಲ್ಲಿ ಬಂದ ತೀರ್ಪಿನ ತಿರುಳು ಇಷ್ಟು: ಆರೋಪಕ್ಕೆ ಮೇಲ್ನೋಟಕ್ಕಾದರೂ ಸಾಕಷ್ಟು ಆಧಾರವಿದೆ ಎಂದು ತಾನು ಮನಗಾಣದೆ, ನ್ಯಾಯಾಲಯದ ಹೆಸರು ಕೆಡಿಸುವ ಅರ್ಜಿಗೆ ಸಹಿ ಹಾಕುವ ವಕೀಲ ಸ್ವತಃ ನಿಂದನೆಯ ಅಪರಾಧಿ. ಕಕ್ಷಿದಾರನ ಬೆನ್ನ ಹಿಂದೆ ಅವಿತುಕೊಳ್ಳುವಂತಿಲ್ಲ. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಮಾಡಿದ್ದು ಸರಿ ಎಂಬ ಸಮರ್ಥನೆಯೂ ತಪ್ಪಾಯಿತು ಎಂಬ ಕ್ಷಮಾಪಣೆಯೂ ಒಟ್ಟಿಗೆ ಇರಲಾರವು. ಇದನ್ನು ಗಟ್ಟಿಯಾಗಿ ನೆನಪಿಡಿ. ನಮ್ಮಲ್ಲಿ ಅನೇಕರ ಕ್ಷಮಾಪಣೆ ‘ತಪ್ಪಾಗಿದೆ, ಆದರೆ’ ಎಂದು ಶುರುವಾಗಿ ‘ಆದರೆ’ಯಲ್ಲಿಯೇ ನಾಲ್ಕು ಪುಟ ಓಡುತ್ತದೆ.

ಎಪ್ಪತ್ತು ವರ್ಷದ ಹಳೆಯ ತೀರ್ಪು, ಈಗ ಯಾರು ಕೇಳುತ್ತಾರೆ ಎನ್ನಬೇಡಿ. 2025ರಲ್ಲಿ ತೆಲಂಗಾಣ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರ ಮೇಲೆ ಆರೋಪ ಮಾಡಿದ ವರ್ಗಾವಣೆ ಅರ್ಜಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಾಗ ಕಕ್ಷಿದಾರರಿಗಷ್ಟೇ ಅಲ್ಲ, ವಕೀಲರಿಗೂ ನಿಂದನೆಯ ನೋಟಿಸ್ ಹೋಯಿತು. ದೆಹಲಿಯಲ್ಲಿ ಕ್ಷಮೆ ಕೇಳಿದರೆ ಸಾಲದು, ಆ ನ್ಯಾಯಮೂರ್ತಿಯ ಮುಂದೆಯೇ ಕೇಳಿ ಎಂದು ಕಳಿಸಿದರು. ಅಲ್ಲಿಯೂ ಶರೀಫ್ ತೀರ್ಪನ್ನೇ ನೆನಪಿಸಲಾಯಿತು.

ನಿಂದನೆ ಕಾಯ್ದೆ ನಿಮಗೆಲ್ಲ ಗೊತ್ತಿರುವುದೇ, ಬೇಗ ದಾಟಿಬಿಡುತ್ತೇನೆ. 1971ರ ಕಾಯ್ದೆ. ಗರಿಷ್ಠ ಆರು ತಿಂಗಳ ಸಾದಾ ಸಜೆ, 2,000 ರೂಪಾಯಿ ದಂಡ, ಅಥವಾ ಎರಡೂ. ತಾಲ್ಲೂಕು ನ್ಯಾಯಾಲಯದ ನಿಂದನೆಗೆ ಶಿಕ್ಷೆ ಕೊಡುವುದು ಆ ನ್ಯಾಯಾಲಯವಲ್ಲ. ಅದು ಉಲ್ಲೇಖ ಕಳಿಸುತ್ತದೆ ಅಥವಾ ಅಡ್ವೊಕೇಟ್ ಜನರಲ್ ಮುಂದಾಗುತ್ತಾರೆ, ಉಚ್ಚ ನ್ಯಾಯಾಲಯ ವಿಚಾರಿಸುತ್ತದೆ. ಅಂದರೆ ಸಾಗರದಲ್ಲೋ ಹೊಸನಗರದಲ್ಲೋ ಬರೆದ ಒಂದು ಸಾಲಿಗೆ ಉತ್ತರ ಕೊಡಲು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಬೇಕು, ಅದೂ ವಾಯಿದೆಯಿಂದ ವಾಯಿದೆಗೆ. ಎರಡು ಸಾವಿರ ರೂಪಾಯಿಯ ದಂಡ ಅಷ್ಟರಲ್ಲಿ ಬಸ್ ಚಾರ್ಜಿಗಿಂತ ಚಿಕ್ಕದಾಗಿ ಕಾಣುತ್ತದೆ. 2006ರ ತಿದ್ದುಪಡಿಯ ನಂತರ, ಸಾರ್ವಜನಿಕ ಹಿತಕ್ಕಾಗಿ ಸದುದ್ದೇಶದಿಂದ ಹೇಳಿದ ಸತ್ಯವನ್ನು ನ್ಯಾಯಾಲಯ ಪ್ರತಿರಕ್ಷೆಯಾಗಿ ಒಪ್ಪಬಹುದು. ಆದರೆ ಸತ್ಯವನ್ನು ಸಾಬೀತುಮಾಡುವ ಹೊರೆ ನಿಮ್ಮ ಮೇಲಿದೆ. ‘ಕಂಡವರಿದ್ದಾರೆ’ ಎಂದರೆ ಆಗುವುದಿಲ್ಲ, ಕಂಡವರು ಬಂದು ಹೇಳಬೇಕು.

ಸನದಿನ, ಅಂದರೆ ವಕೀಲಿ ಮಾಡುವ ಪರವಾನಗಿಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. 1995ರಲ್ಲಿ ವಿನಯ್ ಚಂದ್ರ ಮಿಶ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹಿರಿಯ ವಕೀಲರೊಬ್ಬರ ವೃತ್ತಿಯನ್ನೇ ಮೂರು ವರ್ಷ ಅಮಾನತಿನಲ್ಲಿಟ್ಟಿತ್ತು. 1998ರಲ್ಲಿ ಅದೇ ನ್ಯಾಯಾಲಯ ತಿದ್ದಿಕೊಂಡು, ನಿಂದನೆಯ ಶಿಕ್ಷೆಯಾಗಿ ಸನದು ಕಿತ್ತುಕೊಳ್ಳಲಾಗದು, ಅದು ವಕೀಲರ ಪರಿಷತ್ತಿನ ಕೆಲಸ ಎಂದಿತು. ಹಾಗೆಂದು ನಿಶ್ಚಿಂತರಾಗಬೇಡಿ. ವಕೀಲರ ಕಾಯ್ದೆಯ 34ನೇ ಕಲಮಿನ ನಿಯಮಗಳ ಕೆಳಗೆ ಉಚ್ಚ ನ್ಯಾಯಾಲಯ ನಿಮ್ಮನ್ನು ತನ್ನ ಮುಂದೆ ವಾದಿಸದಂತೆ ತಡೆಯಬಲ್ಲದು, 35ನೇ ಕಲಮಿನ ಶಿಸ್ತು ಕ್ರಮ ಬೇರೆ.

ನನಗೆ ಹೆಚ್ಚು ಹೊತ್ತು ನಿಲ್ಲಬೇಕೆನಿಸುವುದು ಭಾಷೆಯ ಹತ್ತಿರ. ಮಲೆನಾಡಿನ ವಕೀಲರಿಗೆ ಎರಡು ನಾಲಿಗೆ: ಇಲ್ಲಿ ಕನ್ನಡದಲ್ಲಿ ಬರೆಯುತ್ತೇವೆ, ಉಚ್ಚ ನ್ಯಾಯಾಲಯಕ್ಕೆ ಇಂಗ್ಲಿಷಿನಲ್ಲಿ. ಈ ಹೊಳೆ ದಾಟುವಾಗ ಶಬ್ದಗಳು ಒದ್ದೆಯಾಗುತ್ತವೆ. ಇಂಗ್ಲಿಷಿನ ಅಪೀಲು ಮೆಮೊಗಳಲ್ಲಿ ‘ಪರ್ವರ್ಸ್’ ಎಂಬ ಶಬ್ದ ಉಪ್ಪಿನಂತೆ ಬಳಕೆಯಾಗುತ್ತದೆ. ಅದು ಬೈಗುಳವಲ್ಲ, ಪಾರಿಭಾಷಿಕ. ದಾಖಲೆಯಲ್ಲಿರುವ ಸಾಕ್ಷ್ಯದಿಂದ ಯಾವ ವಿವೇಕಿಯೂ ಮುಟ್ಟಲಾರದ ತೀರ್ಮಾನ ಎಂದು ಅರ್ಥ. ಒಬ್ಬ ಕಿರಿಯರು ಅದನ್ನು ನಿಘಂಟು ನೋಡಿ ಕನ್ನಡಕ್ಕೆ ತಂದು ‘ಕೆಳ ನ್ಯಾಯಾಲಯದ ತೀರ್ಪು ವಿಕೃತವಾಗಿದೆ’ ಎಂದು ಬರೆದುಕೊಂಡು ಬಂದರು. ವಿಕೃತ ಎಂದರೆ ನಮ್ಮ ಕಿವಿಗೆ ಏನು ಕೇಳುತ್ತದೆ? ತೀರ್ಪು ಬರೆದವರ ಮನಸ್ಸಿನಲ್ಲೇ ಏನೋ ಊನವಿದೆ ಎಂದು. ‘ಸಾಕ್ಷ್ಯಕ್ಕೆ ವಿರುದ್ಧವಾದ ತೀರ್ಮಾನ’ ಎನ್ನಿ, ಮುಗಿಯಿತು. ‘ಮನಸ್ಸಿಟ್ಟು ನೋಡಿಲ್ಲ’ ಎಂಬುದೂ ಹಾಗೆಯೇ. ಇಂಗ್ಲಿಷಿನಲ್ಲಿ ಅದು ಸವೆದ ನಾಣ್ಯ, ಯಾರಿಗೂ ತಾಗುವುದಿಲ್ಲ. ಕನ್ನಡದಲ್ಲಿ ಬರೆದಾಗ ಮಗನಿಗೆ ಅಪ್ಪ ಗದರಿದಂತೆ ಇರುತ್ತದೆ.

ಇನ್ನು ತಿರುಗುಮುರುಗು. ನಮ್ಮ ಆಡುಮಾತಿನಲ್ಲಿ ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎಂದು ಸೊಸೆ ಅತ್ತೆಗೆ ಹೇಳಿದರೆ ಸಂಜೆಯೊಳಗೆ ಮರೆತುಹೋಗುತ್ತದೆ. ಅದನ್ನೇ ಅರ್ಜಿಯಲ್ಲಿ ಬರೆದರೆ ಪಕ್ಷಪಾತದ ಆರೋಪ. ಅದು ಮೇಲಿನ ನ್ಯಾಯಾಲಯಕ್ಕೆ ಹೋಗುವಾಗ ಇಂಗ್ಲಿಷಿಗೆ ಅನುವಾದವಾಗುತ್ತದೆ, ಮತ್ತು ಅನುವಾದಕರು ಪಾಪ, ಇದ್ದದ್ದನ್ನು ಇದ್ದಂತೆ ಮಾಡುತ್ತಾರೆ. ನ್ಯಾಯಾಧೀಶರು ಅರ್ಜಿದಾರನ ಕಣ್ಣಿಗೆ ಸುಣ್ಣ ಹಾಕಿದರು ಎಂಬ ವಾಕ್ಯವನ್ನು ಕನ್ನಡ ಬಾರದ ನ್ಯಾಯಮೂರ್ತಿಯೊಬ್ಬರು ಓದುವುದನ್ನು ಕಲ್ಪಿಸಿಕೊಳ್ಳಿ.

ನನ್ನ ಹಳೆಯ ಪ್ರಕರಣದಿಂದಲೇ ಎರಡು ಸಾಲು ಹೇಳುತ್ತೇನೆ, ಕಿವಿಗೊಟ್ಟು ತೂಗಿ ನೋಡಿ. ಮೊದಲನೆಯದು: ‘ಮಾನ್ಯ ನ್ಯಾಯಾಧೀಶರು ಪ್ರತಿವಾದಿಗೆ ಅನುಕೂಲ ಮಾಡಿಕೊಡುವ ಉದ್ದೇಶದಿಂದ ಕಮಿಷನರ್ ವರದಿಯನ್ನು ಬೇಕೆಂದೇ ಕಡೆಗಣಿಸಿದ್ದಾರೆ.’ ಎರಡನೆಯದು: ‘ದಾರಿ ಸ್ಥಳದಲ್ಲಿ ಇದೆ ಎಂದು ಕಮಿಷನರ್ ವರದಿ ಹೇಳುತ್ತದೆ. ವರದಿಗೆ ಪ್ರತಿವಾದಿ ಆಕ್ಷೇಪಣೆ ಸಲ್ಲಿಸಿಲ್ಲ. ಆದೇಶದಲ್ಲಿ ಈ ವರದಿಯ ಪ್ರಸ್ತಾಪವಿಲ್ಲ.’ ಮೊದಲನೆಯದರಲ್ಲಿ ‘ಉದ್ದೇಶ’ ಮತ್ತು ‘ಬೇಕೆಂದೇ’ ಎಂಬುದನ್ನು ನೀವು ಸಾಬೀತುಮಾಡಬೇಕು, ಇನ್ನೊಬ್ಬರ ತಲೆಯೊಳಗೆ ಕೈ ಹಾಕಿ ತೆಗೆಯಬೇಕು. ಎರಡನೆಯದರಲ್ಲಿ ಸಾಬೀತುಮಾಡಲು ಏನೂ ಉಳಿದಿಲ್ಲ. ಕಡತ ತೆರೆದರೆ ಆಯಿತು. ಯಾವುದು ಹೆಚ್ಚು ಕಟುವಾಗಿದೆ? ನನ್ನನ್ನು ಕೇಳಿದರೆ ಎರಡನೆಯದೇ. ಅದರಲ್ಲಿ ತಪ್ಪಿಸಿಕೊಳ್ಳಲು ಸಂದೇ ಇಲ್ಲ.

ಅಪೀಲು ಓದುವವರೂ ನ್ಯಾಯಾಧೀಶರೇ ಎಂಬುದನ್ನು ಮರೆಯುತ್ತೇವೆ. ಅವರೂ ಒಂದು ಕಾಲದಲ್ಲಿ ಕೆಳಗಿನ ಪೀಠದಲ್ಲಿ ಕುಳಿತು, ದಿನಕ್ಕೆ ಅಷ್ಟುದ್ದದ ಪಟ್ಟಿ ಎದುರಿಸಿದ್ದವರು ಇರಬಹುದು. ತಪ್ಪು ಮಾಡದ ನ್ಯಾಯಾಧೀಶ ಇನ್ನೂ ಹುಟ್ಟಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವೇ ಕೆ.ಪಿ. ತಿವಾರಿ ಪ್ರಕರಣದಲ್ಲಿ ಹೇಳಿದೆ. ಅದು ವಕೀಲರಿಗೆ ಹೇಳಿದ ಬುದ್ಧಿಮಾತಲ್ಲ, ಕೆಳ ನ್ಯಾಯಾಧೀಶರೊಬ್ಬರನ್ನು ಕಟುವಾಗಿ ಟೀಕಿಸಿದ ಉಚ್ಚ ನ್ಯಾಯಾಲಯಕ್ಕೆ ಹೇಳಿದ್ದು. ತಪ್ಪು ಆಗಿದೆ ಎಂದರೆ ಅವರು ಒಪ್ಪುತ್ತಾರೆ, ಅದಕ್ಕೇ ಅಪೀಲು ಇರುವುದು. ನೀತಿಗೆಟ್ಟಿದ್ದಾರೆ ಎಂದರೆ, ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ಅವರಿಗೂ ಗೊತ್ತು.

ಎರಡು ತೀರ್ಪುಗಳನ್ನು ಬರೆದಿಟ್ಟುಕೊಳ್ಳಿ, ತಾಲ್ಲೂಕು ವಕೀಲರಿಗೆ ದಿನನಿತ್ಯ ಬೇಕಾಗುವಂಥವು. ಒಂದು, 1957ರ ಮಾಣಕ್ ಲಾಲ್ ಪ್ರಕರಣ. ವಿಚಾರಣೆ ಮಾಡುವವರು ಪಕ್ಷಪಾತಿ ಎಂಬ ಸಂಗತಿ ಗೊತ್ತಿದ್ದೂ ಸುಮ್ಮನಿದ್ದು, ಫಲಿತಾಂಶ ವಿರುದ್ಧವಾಗಿ ಬಂದ ಮೇಲೆ ಬಾಯಿ ಬಿಟ್ಟರೆ, ಆ ಆಕ್ಷೇಪಣೆಯನ್ನು ನೀವೇ ಬಿಟ್ಟುಕೊಟ್ಟಂತೆ. ಗೆದ್ದರೆ ಧರ್ಮರಾಯ, ಸೋತರೆ ಶಕುನಿ ಎಂಬ ಲೆಕ್ಕ ನಡೆಯುವುದಿಲ್ಲ. ಇನ್ನೊಂದು, 1982ರ ರಾಮದಾಸ್ ಶ್ರೀನಿವಾಸ ನಾಯಕ್ ಪ್ರಕರಣ. ‘ನಾನು ಒಪ್ಪಿಕೊಳ್ಳದ್ದನ್ನು ಒಪ್ಪಿಕೊಂಡೆ ಎಂದು ಆದೇಶದಲ್ಲಿ ಬರೆದಿದ್ದಾರೆ’ ಎಂಬ ದೂರು ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದು ನಿಮಗೆ ಗೊತ್ತು. ಕೋಪ ಬರುವುದು ಸಹಜ. ಆದರೆ ಅದನ್ನು ಅಪೀಲಿನಲ್ಲಿ ‘ಸುಳ್ಳು ದಾಖಲಿಸಿದ್ದಾರೆ’ ಎಂದು ಹಾಕಿದರೆ ಎದುರಿಗೆ ಈ ತೀರ್ಪು ಬಂದು ನಿಲ್ಲುತ್ತದೆ. ನ್ಯಾಯಾಲಯದಲ್ಲಿ ನಡೆದದ್ದರ ಬಗ್ಗೆ ತೀರ್ಪಿನಲ್ಲಿ ಬರೆದದ್ದೇ ಅಂತಿಮ. ತಪ್ಪು ದಾಖಲಾಗಿದ್ದರೆ, ನೆನಪು ಹಸಿಯಾಗಿರುವಾಗಲೇ ಅದೇ ನ್ಯಾಯಾಧೀಶರ ಗಮನಕ್ಕೆ ತರಬೇಕು. ಅದೇ ದಿನ, ಅಥವಾ ಮರುದಿನ ಬೆಳಿಗ್ಗೆ ಒಂದು ಪುಟದ ಮೆಮೊ ಹಾಕಿ. ನಾನು ಮೂರು ಸಲ ಹಾಕಿದ್ದೇನೆ. ಎರಡು ಸಲ ಅವರೇ ತಿದ್ದಿದರು. ಒಂದು ಸಲ ಅವರು ಹೇಳಿದ್ದು ಸರಿಯಿತ್ತು, ನಾನು ನಿಜಕ್ಕೂ ಹಾಗೆ ಹೇಳಿದ್ದೆ.

ಇಷ್ಟೆಲ್ಲ ಹೇಳಿ, ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ನಿಲ್ಲಿ ಎಂದು ಹೇಳಿಹೋಗಲು ನಾನು ಬಂದಿಲ್ಲ. ಭಾರತೀಯ ವಕೀಲರ ಪರಿಷತ್ತಿನ ನಡತೆಯ ನಿಯಮಗಳಲ್ಲಿ ನ್ಯಾಯಾಲಯಕ್ಕೆ ನಮ್ಮ ಕರ್ತವ್ಯ ಎಂಬ ಭಾಗದ ಮೊದಲನೆಯ ನಿಯಮವನ್ನೇ ನೋಡಿ. ವಕೀಲ ಘನತೆಯಿಂದ, ಆತ್ಮಗೌರವದಿಂದ ನಡೆದುಕೊಳ್ಳಬೇಕು, ದಾಸನಂತೆ ಬಾಗಬಾರದು, ನ್ಯಾಯಾಧಿಕಾರಿಯ ಮೇಲೆ ಗಂಭೀರ ದೂರಿಗೆ ಸರಿಯಾದ ಕಾರಣವಿದ್ದರೆ ಅದನ್ನು ತಕ್ಕ ಅಧಿಕಾರಿಗಳಿಗೆ ಸಲ್ಲಿಸುವುದು ಅವನ ಹಕ್ಕು, ಕರ್ತವ್ಯವೂ ಹೌದು. ಹಕ್ಕು ಎಂದು ಬಿಟ್ಟಿದ್ದರೆ ಸುಮ್ಮನಿರಬಹುದಿತ್ತು. ಕರ್ತವ್ಯ ಎಂದಿದ್ದಾರೆ. ನಾಲ್ಕನೆಯ ನಿಯಮವೋ, ವಕೀಲ ತನ್ನನ್ನು ಕಕ್ಷಿದಾರನ ಬರಿಯ ಬಾಯಿ ಎಂದುಕೊಳ್ಳಬಾರದು, ಅರ್ಜಿಗಳಲ್ಲಿ ಹೀನಾಯ ದಾಳಿ ಮಾಡಬಾರದು ಎನ್ನುತ್ತದೆ. ಎರಡನ್ನೂ ಒಟ್ಟಿಗೆ ಓದಿದರೆ, ದೂರು ಬೇಡ ಎಂದು ಯಾರೂ ಹೇಳಿಲ್ಲ. ದೂರಿನ ಜಾಗ ಬೇರೆ, ಅರ್ಜಿಯ ಜಾಗ ಬೇರೆ. ನಿಂದನೆ ಕಾಯ್ದೆಯ 6ನೇ ಕಲಮೂ ಅಧೀನ ನ್ಯಾಯಾಧೀಶರ ಬಗ್ಗೆ ಸದುದ್ದೇಶದಿಂದ ಉಚ್ಚ ನ್ಯಾಯಾಲಯಕ್ಕೆ ಕೊಟ್ಟ ಹೇಳಿಕೆ ನಿಂದನೆಯಲ್ಲ ಎನ್ನುತ್ತದೆ. ನಮ್ಮ ಉಚ್ಚ ನ್ಯಾಯಾಲಯದಲ್ಲಿ ಇದಕ್ಕೆಂದೇ ವಿಜಿಲೆನ್ಸ್ ರಿಜಿಸ್ಟ್ರಾರ್ ಇದ್ದಾರೆ.

ದೂರನ್ನು ಹೇಗೆ ಕೊಡಬೇಕು ಎಂಬುದಕ್ಕೆ ಮುಜಫ್ಫರ್‌ನಗರದ ವಕೀಲರ ಸಂಘದ ಕಥೆ ನನಗೆ ಬಹಳ ಇಷ್ಟ. 1949ರಲ್ಲಿ ಅಲ್ಲಿನ ಇಬ್ಬರು ಅಧಿಕಾರಿಗಳ ಬಗ್ಗೆ ಸಂಘದ ಕಾರ್ಯಕಾರಿ ಸಮಿತಿ ಕಟುವಾದ ನಿರ್ಣಯ ಮಾಡಿತು: ಇವರಿಗೆ ಕಾನೂನು ಗೊತ್ತಿಲ್ಲ, ಕಕ್ಷಿದಾರರೊಂದಿಗೂ ವಕೀಲರೊಂದಿಗೂ ಒರಟಾಗಿ ನಡೆದುಕೊಳ್ಳುತ್ತಾರೆ ಎಂದು. ಅಲಹಾಬಾದ್ ಉಚ್ಚ ನ್ಯಾಯಾಲಯ ಅದನ್ನು ನಿಂದನೆ ಎಂದಿತು. ಬ್ರಹ್ಮಪ್ರಕಾಶ್ ಶರ್ಮಾ ಪ್ರಕರಣವಾಗಿ ಅದು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು, 1953ರಲ್ಲಿ ವಕೀಲರು ಗೆದ್ದರು. ಗೆದ್ದದ್ದು ಮಾತಿನ ಬಲದಿಂದಲ್ಲ. ಸಭೆ ಬಾಗಿಲು ಮುಚ್ಚಿ ನಡೆದಿತ್ತು, ಸದಸ್ಯರಲ್ಲದವರಿಗೆ ಪ್ರವೇಶವಿರಲಿಲ್ಲ. ನಿರ್ಣಯವನ್ನು ಟೈಪ್ ಮಾಡಿದವರು ಸ್ವತಃ ಅಧ್ಯಕ್ಷರು, ಗುಮಾಸ್ತರ ಕೈಗೂ ಕೊಡಲಿಲ್ಲ. ಸಂಘದ ನಡಾವಳಿ ಪುಸ್ತಕದಲ್ಲಿ ಅದನ್ನು ಬರೆಯಲೂ ಇಲ್ಲ. ಮೇಲಧಿಕಾರಿಗಳಿಗೆ ಗೋಪ್ಯ ಎಂದು ಬರೆದು ಕಳಿಸಿದ್ದರು. ಇವರಿಗೆ ಬೇಕಾಗಿದ್ದು ದೂರಿಗೆ ಪರಿಹಾರ, ನ್ಯಾಯಾಲಯದ ಮಾನಹರಣವಲ್ಲ ಎಂಬುದು ಆ ಎಚ್ಚರದಿಂದಲೇ ನ್ಯಾಯಮೂರ್ತಿಗಳಿಗೆ ಮನವರಿಕೆಯಾಯಿತು. ಇವತ್ತು ನಾವು ಏನು ಮಾಡುತ್ತೇವೆ? ನಿರ್ಣಯದ ಶಾಯಿ ಒಣಗುವ ಮೊದಲೇ ಫೋಟೊ ತೆಗೆದು ಇನ್ನೂರು ಜನರ ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ. ಆಮೇಲೆ ಗೋಪ್ಯ ಎಂದು ಲಕೋಟೆಯ ಮೇಲೆ ಬರೆಯುತ್ತೇವೆ.

ಕಾನೂನಿನ ಮೇಲೆ ನನ್ನದೊಂದು ತಕರಾರಿದೆ, ಅದನ್ನೂ ಹೇಳಿಬಿಡಬೇಕು. ‘ನ್ಯಾಯಾಲಯದ ಹೆಸರು ಕೆಡಿಸುವುದು’ ಎಂಬ ಅಪರಾಧ ಎಳೆದಷ್ಟು ಹಿಗ್ಗುವ ವಸ್ತು. ಇದನ್ನು ನಮಗೆ ಕಲಿಸಿದ ಇಂಗ್ಲೆಂಡ್ 2013ರಲ್ಲಿ ಇದನ್ನು ತನ್ನ ಕಾನೂನಿನಿಂದ ತೆಗೆದುಹಾಕಿತು. ನಮ್ಮ ಕಾನೂನು ಆಯೋಗ 2018ರ 274ನೇ ವರದಿಯಲ್ಲಿ ಇರಲಿ ಎಂದಿತು. ವಕೀಲ ಪ್ರಶಾಂತ್ ಭೂಷಣ್ ಅವರ ನಿಂದನೆ ಪ್ರಕರಣದ ಒಂದು ರೂಪಾಯಿ ದಂಡ ಎಲ್ಲರಿಗೂ ನೆನಪಿದೆ. ತೆರದಿದ್ದರೆ ಮೂರು ತಿಂಗಳ ಸಜೆ, ಸರ್ವೋಚ್ಚ ನ್ಯಾಯಾಲಯದಲ್ಲಿ ಮೂರು ವರ್ಷ ವಾದಿಸಲು ನಿಷೇಧ ಎಂಬ ಭಾಗ ಅಷ್ಟಾಗಿ ನೆನಪಿಲ್ಲ. ನೊಂದವರೇ ತೀರ್ಪು ಕೊಡುವ ಏರ್ಪಾಡು ನನಗೆ ಒಪ್ಪಿತವಲ್ಲ. ಆದರೆ ಕಾನೂನು ಬದಲಾಗಲಿ ಎಂದು ವಾದಿಸುವ ಜಾಗ ಇಂಥ ಸಭೆ, ಪತ್ರಿಕೆ, ಪಾರ್ಲಿಮೆಂಟು. ತೀರ್ಥಹಳ್ಳಿಯ ಒಬ್ಬ ರೈತನ ಬಗರ್‌ಹುಕುಂ ಪ್ರಕರಣದ ಅರ್ಜಿಯನ್ನು ಆ ಹೋರಾಟಕ್ಕೆ ವೇದಿಕೆ ಮಾಡಿಕೊಳ್ಳಲು ಆ ರೈತ ನಿಮಗೆ ವಕಾಲತ್ತು ಕೊಟ್ಟಿಲ್ಲ.

ಕಾಲವೂ ಬದಲಾಗಿದೆ. ನಮ್ಮ ಉಚ್ಚ ನ್ಯಾಯಾಲಯದ ಕಲಾಪ ಈಗ ನೇರ ಪ್ರಸಾರವಾಗುತ್ತದೆ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ನಡುವೆ ಆಡಿದ ಮಾತುಗಳ ತುಣುಕುಗಳು ಊರೆಲ್ಲ ಹರಿದಾಡಿದವು. ಸರ್ವೋಚ್ಚ ನ್ಯಾಯಾಲಯ ತಾನೇ ಕೈಗೆತ್ತಿಕೊಂಡಿತು, ಆ ನ್ಯಾಯಮೂರ್ತಿಗಳು ತೆರೆದ ನ್ಯಾಯಾಲಯದಲ್ಲಿ ವಿಷಾದ ಹೇಳಿದರು, ವಿಷಯ ಮುಗಿಯಿತು. ಆ ಇಡೀ ಪ್ರಸಂಗದಲ್ಲಿ ಕೆಲಸ ಮಾಡಿದ್ದು ದಾಖಲೆ, ಯಾವ ವಕೀಲರ ವಿಶೇಷಣವೂ ಅಲ್ಲ.

ಕೊನೆಯಲ್ಲಿ ಕೇಳಿದ ಮೂರು ಪ್ರಶ್ನೆಗಳು. ‘ಬರೆಯದಿದ್ದರೆ ಬೇರೆ ವಕೀಲರ ಹತ್ತಿರ ಹೋಗುತ್ತೇನೆ ಎಂದು ಕಕ್ಷಿದಾರರು ಹೇಳಿದರೆ ಏನು ಮಾಡಬೇಕು ಸರ್?’ ಎಂದು ಒಬ್ಬರು ಕೇಳಿದರು. ಕಡತ ಕಟ್ಟಿಕೊಡಿ, ನಿರಾಕ್ಷೇಪಣಾ ಪತ್ರವನ್ನೂ ಕೊಡಿ ಎಂದೆ. ಫೀಸು ಬಾಕಿ ಇದ್ದರೆ ಎಂದು ಯಾರೋ ಹಿಂದಿನಿಂದ ಕೂಗಿದರು. ಅದಕ್ಕೆ ಉತ್ತರ ಮಳೆಯಲ್ಲಿ ಕೇಳಿಸದೇ ಹೋದದ್ದೇ ಒಳ್ಳೆಯದು.

ಎರಡನೆಯದನ್ನು ಕೇಳಿದವರು ಘಟ್ಟದಂಚಿನ ತಾಲ್ಲೂಕಿನಿಂದ ಬಂದ ಯುವತಿ. “ನಮ್ಮೂರಿನಲ್ಲಿ ಇರುವುದೇ ಒಂದು ನ್ಯಾಯಾಲಯ. ನನ್ನ ಎಲ್ಲ ಪ್ರಕರಣಗಳೂ ಒಬ್ಬರ ಮುಂದೆಯೇ. ಅವರು ತೆರೆದ ನ್ಯಾಯಾಲಯದಲ್ಲಿ ನನ್ನನ್ನು ಹೀಯಾಳಿಸಿದರೆ ದೂರು ಕೊಟ್ಟು ಮರುದಿನ ಅಲ್ಲಿಯೇ ನಿಲ್ಲುವುದು ಹೇಗೆ?” ಎಂದರು. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ದೊಡ್ಡ ಊರಿನ ವಕೀಲರು ಬರೆದ ನಿಯಮಗಳು ಸಣ್ಣ ಊರಿನ ಒಂಟಿತನವನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹೇಳಬಹುದಾದದ್ದು ಇಷ್ಟು: ಅಂದೇ ಸಂಜೆ ನಡೆದದ್ದನ್ನು ತಾರೀಖು, ಸಮಯ, ಪ್ರಕರಣದ ಸಂಖ್ಯೆ, ಅಲ್ಲಿದ್ದವರ ಹೆಸರು ಸಮೇತ ಬರೆದಿಡಿ. ಅವರು ಆಡಿದ ಮಾತನ್ನು ಆಡಿದ ಹಾಗೆಯೇ ಬರೆಯಿರಿ, ನಿಮಗೆ ಅನ್ನಿಸಿದ್ದನ್ನು ಬರೆಯಬೇಡಿ. ಒಂಟಿಯಾಗಿ ಹೋಗಬೇಡಿ, ಇಬ್ಬರು ಹಿರಿಯರೊಂದಿಗೆ ಪ್ರಧಾನ ಜಿಲ್ಲಾ ನ್ಯಾಯಾಧೀಶರನ್ನು ಕಾಣಿ. ಅಲ್ಲಿ ಆಗದಿದ್ದರೆ ಪ್ರತಿ ಜಿಲ್ಲೆಗೂ ಉಚ್ಚ ನ್ಯಾಯಾಲಯದ ಒಬ್ಬರು ಆಡಳಿತಾತ್ಮಕ ನ್ಯಾಯಮೂರ್ತಿ ಇರುತ್ತಾರೆ. ಆದರೆ ಆ ಹೀಯಾಳಿಕೆಯನ್ನು ನಿಮ್ಮ ಕಕ್ಷಿದಾರರ ಅಪೀಲಿನ ಆಧಾರಗಳ ನಡುವೆ ತೂರಿಸಬೇಡಿ. ಆಕೆ ತಲೆಯಾಡಿಸಿದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮೂರನೆಯದು ಬಾಗಿಲ ಹತ್ತಿರ, ಕೊಡೆ ಬಿಚ್ಚುವಾಗ. ‘ಆ ಗೃಹಪ್ರವೇಶದ ನ್ಯಾಯಾಧೀಶರು ಆಮೇಲೆ ನಿಮ್ಮ ಮೇಲೆ ಹಗೆ ಸಾಧಿಸಲಿಲ್ಲವೇ ಸರ್?’ ಇಲ್ಲ. ಮುಂದಿನ ಬೇಸಿಗೆಯಲ್ಲಿ ಅವರಿಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಹೊರಡುವ ಮುಂಚೆ ಚೇಂಬರಿಗೆ ಹೋಗಿ ತಪ್ಪಾಯಿತು ಎಂದೆ, ‘ಆದರೆ’ ಸೇರಿಸಲಿಲ್ಲ. ಅವರು ಸಹಿ ಹಾಕುತ್ತಿದ್ದ ಕಡತದಿಂದ ತಲೆಯೆತ್ತಿ, “ಅವತ್ತಿನ ಹೋಳಿಗೆ ನಿಮ್ಮ ಸಾಲಿಗೆ ಎರಡನೆಯ ಸಲ ಬಂದಿತ್ತೇ ವಕೀಲರೇ? ನಮ್ಮ ಕಡೆಗೆ ಬರಲೇ ಇಲ್ಲ” ಎಂದರು.